ಪರದೆ ಖಾಲಿ, ಯಂತ್ರ ಬಿಸಿ: ಒಳಗೆ ನಡೆಯುತ್ತಿರುವುದೇನು?

ಹೈನುಗಾರ ಸಹೋದರಿಯರೇ, ಮನೆಯ ಕಂಪ್ಯೂಟರಿನ ಮುಂದೆ ಯಾರೂ ಕೂತಿಲ್ಲ, ಆದರೂ ಅದರ ಫ್ಯಾನು ಜೋರಾಗಿ ತಿರುಗುತ್ತಿದೆಯೇ? ಮಕ್ಕಳನ್ನು ಕೇಳಿ ನೋಡಿ. ಅವರು 'ಬೋಯಿಂಕ್' ಎಂಬ ತಂತ್ರಾಂಶ ಹಾಕಿರಬಹುದು.

ಅದರ ರೀತಿ ನಮ್ಮ ಸಂಘದಂತೆಯೇ. ನಾವು ಒಬ್ಬೊಬ್ಬರು ಹಾಕುವುದು ಮೂರು ನಾಲ್ಕು ಲೀಟರ್ ಹಾಲು, ಎಲ್ಲ ಸೇರಿದರೆ ಬಿಎಂಸಿ ತುಂಬುತ್ತದೆ. ಹಾಗೆಯೇ ವಿಜ್ಞಾನಿಗಳು ದೊಡ್ಡ ಲೆಕ್ಕವನ್ನು ತುಂಡು ಮಾಡಿ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಬಾಹ್ಯಾಕಾಶದ ರೇಡಿಯೊ ಸಂಕೇತಗಳನ್ನು ಸೋಸಲು 1999ರಲ್ಲಿ 'ಸೆಟಿ ಅಟ್ ಹೋಮ್' ಶುರು ಮಾಡಿದರು. 2020ರ ಮಾರ್ಚ್‌ನಲ್ಲಿ ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಪ್ರೋಟೀನುಗಳ ಆಕಾರ ಲೆಕ್ಕ ಹಾಕುವ 'ರೊಸೆಟ್ಟಾ ಅಟ್ ಹೋಮ್' ಕೂಡ ಬೋಯಿಂಕ್ ಮೂಲಕ ನಡೆಯುವಂಥದ್ದು. ಒಳ್ಳೆಯ ಕೆಲಸವೇ. ಆದರೆ ಇಲ್ಲಿ ಬಟವಾಡೆ ಇಲ್ಲ, ಕರೆಂಟ್ ಬಿಲ್ ಮಾತ್ರ ನಿಮ್ಮದು! ಆದ್ದರಿಂದ ಅದು ಯಾವಾಗ ದುಡಿಯುತ್ತಿದೆ ಎಂಬುದು ನಿಮಗೆ ಗೊತ್ತಿರಬೇಕು.

ಅದರ ಪುಟ ಮುಚ್ಚಿದ ಕೂಡಲೇ ಕೆಲಸ ನಿಂತಿತು ಅಂದುಕೊಳ್ಳಬೇಡಿ. ಪರದೆಯ ಕೆಳಗೆ ಬಲಗಡೆ, ಗಡಿಯಾರದ ಪಕ್ಕ ಅದರ ಗುರುತು ಇರುತ್ತದೆ. ಕಾಣದಿದ್ದರೆ ಅಲ್ಲಿನ ಸಣ್ಣ ಬಾಣ ಒತ್ತಿ. ಗುರುತು ಇದ್ದ ಮಾತ್ರಕ್ಕೆ ಲೆಕ್ಕ ನಡೆಯುತ್ತಿದೆ ಎಂದೂ ಅಲ್ಲ. ತೆರೆದು 'ಟಾಸ್ಕ್ಸ್' ಪಟ್ಟಿ ನೋಡಿ: 'ರನ್ನಿಂಗ್' ಎಂದಿದ್ದರೆ ನಡೆಯುತ್ತಿದೆ, 'ಸಸ್ಪೆಂಡೆಡ್' ಎಂದಿದ್ದರೆ ತಡೆದಿದೆ. ಇನ್ನೂ ಅನುಮಾನವಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ 'ಸಿಪಿಯು' ಎಂಬ ಪದದ ಮೇಲೆ ಒತ್ತಿದರೆ ಹೆಚ್ಚು ದುಡಿಯುತ್ತಿರುವ ತಂತ್ರಾಂಶ ಮೇಲಕ್ಕೆ ಬರುತ್ತದೆ. ಅಲ್ಲಿ ಬೋಯಿಂಕ್ ಬದಲು 'ರೊಸೆಟ್ಟಾ'ದಂಥ ಯೋಜನೆಯ ಹೆಸರೂ ಇರಬಹುದು.

ಮನೆಯಲ್ಲಿ ಯಾರೂ ಹಾಕದ ತಂತ್ರಾಂಶವೊಂದು ದಿನವಿಡೀ ಹೀಗೆ ಮೇಲೆಯೇ ಕಂಡರೆ ಎಚ್ಚರ. ಕ್ರಿಪ್ಟೋ ಹಣ ಮಾಡಿಕೊಳ್ಳಲು ಕದ್ದು ನಿಮ್ಮ ಯಂತ್ರ ದುಡಿಸಿಕೊಳ್ಳುವವರೂ ಇದ್ದಾರೆ. ಆಂಟಿವೈರಸ್‌ನಿಂದ ಪರೀಕ್ಷೆ ಮಾಡಿಸಿ, ತಿಳಿದವರಿಗೆ ತೋರಿಸಿ.

ಆಂಡ್ರಾಯ್ಡ್ ಮೊಬೈಲಿನಲ್ಲಿ ಬೋಯಿಂಕ್ ಸಾಮಾನ್ಯವಾಗಿ ಚಾರ್ಜಿಗೆ ಹಾಕಿದಾಗ ಮಾತ್ರ ದುಡಿಯುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ನಿಂತೇ ಇರುತ್ತದೆ. ಚಾರ್ಜಿಗೆ ಹಾಕಿಯೇ ನೋಡಬೇಕು.

ಸಂಘದ ಕಂಪ್ಯೂಟರಿಗೆ ಮಾತ್ರ ಇದು ಬೇಡವೇ ಬೇಡ. ಬೆಳಗ್ಗೆ ಫ್ಯಾಟ್ ಚೀಟಿ ತಡವಾದರೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಕಾಯಬೇಕು. ಯಂತ್ರ ನಿಧಾನವಾಗಿದೆ ಅನಿಸಿದರೆ ಕಾರ್ಯದರ್ಶಿಯವರಿಗೆ ಹೇಳಿ, ಟಾಸ್ಕ್ ಮ್ಯಾನೇಜರ್ ತೆಗೆಸಿ ನೀವೇ ನೋಡಿ.