ಹೊಲಕ್ಕೆ ಬಂದ ಮೊಬೈಲು

ಒಕ್ಕಲುತನದಲ್ಲಿ ಬೀಜ, ಗೊಬ್ಬರ, ನೀರುಗಳಷ್ಟೇ ಬೆಲೆಯುಳ್ಳ ಇನ್ನೊಂದು ವಸ್ತುವುಂಟು. ಅದು ಹೊತ್ತಿಗೆ ಸರಿಯಾಗಿ ದೊರೆತ ತಿಳಿವಳಿಕೆ. ಬೀಜವನ್ನು ಸಾಲ ತಂದಾದರೂ ಬಿತ್ತಬಹುದು. ಹೊತ್ತು ಮೀರಿ ಬಂದ ತಿಳಿವಳಿಕೆಯಿಂದ ಮಾತ್ರ ಒಂದು ತೆನೆಯೂ ಹೆಚ್ಚಾಗಲಾರದು. ಈ ತಿಳಿವಳಿಕೆಯನ್ನು ಸಣ್ಣ ಹಿಡುವಳಿಯ ರೈತರ ಮನೆಗೆ ಮುಟ್ಟಿಸುವದಕ್ಕಾಗಿ ಈಗ ಮೊಬೈಲು, ಗಣಕಯಂತ್ರ, ಉಪಗ್ರಹ ಮೊದಲಾದ ಸಾಧನಗಳು ದುಡಿಯುತ್ತಲಿವೆ. ಇವುಗಳಿಂದ ಆದ ಲಾಭವೇನು, ಉಳಿದ ಕೊರತೆಯಾವುದು ಎಂಬುದನ್ನು ಅಳ್ನಾವರದ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ನಮ್ಮ ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಅಳ್ನಾವರವು ಧಾರವಾಡದಿಂದ ಲೋಂಡೆಗೆ ಹೋಗುವ ರೇಲ್ವೆಯ ಹಾದಿಯಲ್ಲಿರುವ ಊರು. ದಾಂಡೇಲಿಯ ಕವಲುದಾರಿ ಇಲ್ಲಿಂದಲೇ ಒಡೆಯುವದು. ಮಲೆನಾಡಿನ ಸೆರಗಿನಲ್ಲಿರುವ ಈ ಭಾಗದಲ್ಲಿ ಭತ್ತ, ಗೋವಿನಜೋಳ, ಕಬ್ಬು ಮುಖ್ಯ ಬೆಳೆಗಳು. ಭತ್ತವನ್ನು ಸಸಿ ಮಾಡಿ ನೆಡದೆ, ಒಣನೆಲದಲ್ಲಿಯೇ ಕೂರಿಗೆಯಿಂದ ಬಿತ್ತುವದು ಈ ಕಡೆಯ ಹಳೆಯ ರೂಢಿ. ರೋಹಿಣಿ, ಮೃಗಶಿರ ಮಳೆಗಳ ಸುಮಾರಿಗೆ ಬಿತ್ತಿದ ಬೀಜಕ್ಕೆ ಮುಂದಿನ ಮಳೆ ತಪ್ಪಿದರೆ ಮೊಳಕೆ ಒಣಗುವದು. ಬಿತ್ತದೆ ಕುಳಿತರೆ ಮಳೆ ಹಿಡಿದು ಕೂರಿಗೆ ಹೂಡುವದಕ್ಕೇ ಎಡೆ ದೊರೆಯದು. ಅದೇ ಜಿಲ್ಲೆಯ ಮೂಡಣಕ್ಕೆ ಹೋದರೆ ನವಲಗುಂದ, ಅಣ್ಣಿಗೇರಿಗಳ ಎರೆಹೊಲಗಳು. ಅಲ್ಲಿಯ ಬೆಳೆ ಹೆಸರು, ಉಳ್ಳಾಗಡ್ಡಿ, ಹತ್ತಿ, ಕಡಲೆ. ಮಣ್ಣು ಬೇರೆ, ಮಳೆ ಬೇರೆ, ಹುಳ ಬೇರೆ. ಹೀಗಿರುವಾಗ ಜಿಲ್ಲೆಗೆಲ್ಲ ಒಂದೇ ಸಲಹೆಯನ್ನು ಸಾರಿದರೆ ಅದು ಒಂದು ಕಡೆ ಹಿತವಾಗಿ ಇನ್ನೊಂದು ಕಡೆ ನಷ್ಟವನ್ನು ತರುವ ಸಂಭವವುಂಟು.

ಸಣ್ಣ ರೈತನಿಗೆ ಈ ನಷ್ಟವನ್ನು ತಾಳುವ ಶಕ್ತಿ ಕಡಿಮೆ. 2015-16ರ ಕೃಷಿ ಗಣತಿಯ ಮೇರೆಗೆ ಭಾರತದಲ್ಲಿ ಹಿಡುವಳಿಯ ಸರಾಸರಿ ಅಳತೆ 1.08 ಹೆಕ್ಟೇರು, ಅಂದರೆ ಸುಮಾರು 2 ಎಕರೆ 27 ಗುಂಟೆ. ಇಷ್ಟು ನೆಲದಲ್ಲಿ ಎರಡನೆಯ ಸಲ ಬಿತ್ತುವ ಪ್ರಸಂಗ ಬಂದರೆ ಮನೆಯ ಮದುವೆ ಮುಂದಕ್ಕೆ ಹೋಗುವದು, ಮಗಳ ಕಾಲೇಜಿನ ಫೀಗೆ ಸಾಲವಾಗುವದು.

ರೈತನಿಗೆ ಬುದ್ಧಿ ಹೇಳುವವರ ಕೊರತೆ ಧಾರವಾಡಕ್ಕೆ ಇಲ್ಲವೆನ್ನಬಹುದು. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾಯಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಳ್ನಾವರದ ಹಾದಿಯ ಕಡೆಗಿರುವ ಮುಗದದಲ್ಲಿ ಭತ್ತದ ಸಂಶೋಧನೆಯ ಕೇಂದ್ರವೇ ಇರುವದು. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳುಂಟು. ಇಷ್ಟಿದ್ದರೂ ವಿದ್ಯೆ ಇದ್ದ ಸ್ಥಳಕ್ಕೂ ಅದು ಬೇಕಾದ ಹೊಲಕ್ಕೂ ನಡುವೆ ಬಹಳ ಅಂತರವಿದ್ದಿತು. 2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದ ರೈತರನ್ನು ವಿಚಾರಿಸಿದಾಗ, ನೂರಕ್ಕೆ ಸುಮಾರು 60 ಕುಟುಂಬಗಳಿಗೆ ಹೊಸ ಬೇಸಾಯದ ತಿಳಿವಳಿಕೆ ಯಾವ ಮೂಲದಿಂದಲೂ ದೊರೆತಿರಲಿಲ್ಲ. ದೊರೆತವರಲ್ಲಿಯೂ ನೆರೆಯ ಜಾಣ ರೈತರಿಂದ ಕಲಿತವರು, ಬೀಜ-ಗೊಬ್ಬರದ ಅಂಗಡಿಯವರಿಂದ ಕೇಳಿದವರು ಹೆಚ್ಚು. ಸರಕಾರದ ವಿಸ್ತರಣಾ ನೌಕರರಿಂದ ತಿಳಿದವರು ನೂರಕ್ಕೆ 6 ಜನವೂ ಇರಲಿಲ್ಲ.

ಈ ಅಂತರವನ್ನು ತುಂಬುವದಕ್ಕೆ ಮೊದಲು ಒದಗಿದುದು ದೂರವಾಣಿ. 2004ರ ಜನವರಿಯಲ್ಲಿ ಕೇಂದ್ರ ಸರಕಾರವು ಕಿಸಾನ್ ಕಾಲ್ ಸೆಂಟರನ್ನು ತೆರೆಯಿತು. 1800-180-1551 ಎಂಬ ಅಂಕಿಗೆ ಬೆಳಗಿನ 6ರಿಂದ ರಾತ್ರಿ 10ರ ವರೆಗೆ ಕರೆ ಮಾಡಿದರೆ ಹಣದ ವೆಚ್ಚವಿಲ್ಲದೆ, ಕನ್ನಡದಲ್ಲಿಯೇ ಉತ್ತರ ದೊರೆಯುವದು. ಮಳೆಯ ವಿಷಯದಲ್ಲಿ ಕರ್ನಾಟಕವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ತಾವೇ ಲೆಕ್ಕವನ್ನು ಕಳಿಸುವ ಮಳೆಮಾಪಕಗಳನ್ನು ನೆಡಿಸಿ, ‘ವರುಣ ಮಿತ್ರ’ವೆಂಬ ಸಹಾಯವಾಣಿಯ ಮೂಲಕ ರೈತರಿಗೆ ಅವರವರ ಊರಿನ ಮಳೆಯ ಸುದ್ದಿಯನ್ನು ಹೇಳತೊಡಗಿತು. ಜಿಲ್ಲೆಯ ಸರಾಸರಿ ಮಳೆಯಿಂದ ಅಳ್ನಾವರದವನಿಗಾಗಲಿ ಅಣ್ಣಿಗೇರಿಯವನಿಗಾಗಲಿ ಏನೂ ತಿಳಿಯದು. ತನ್ನ ಪಂಚಾಯತಿಯ ಮಳೆಯ ಲೆಕ್ಕ ಗೊತ್ತಾದರೆ ಕೂರಿಗೆ ಹೂಡಬೇಕೋ ತಡೆಯಬೇಕೋ ಎಂಬುದನ್ನು ಅವನು ತೂಗಿ ನೋಡಬಲ್ಲನು.

ಮಣ್ಣಿನ ವಿಷಯವೂ ಹೀಗೆಯೇ. 2009ರಲ್ಲಿ ರಾಜ್ಯ ಸರಕಾರವು ಹೈದರಾಬಾದಿನ ಹತ್ತಿರವಿರುವ ಇಕ್ರಿಸಾಟ್ ಸಂಸ್ಥೆಯ ನೆರವಿನಿಂದ ‘ಭೂಚೇತನ’ವನ್ನು ಆರಂಭಿಸಿದಾಗ, ಮೊದಲ ಆರು ಜಿಲ್ಲೆಗಳಲ್ಲಿ ಧಾರವಾಡವೂ ಒಂದಾಗಿದ್ದಿತು. ಮಣ್ಣನ್ನು ಪರೀಕ್ಷಿಸಿದಾಗ ಅನೇಕ ಹೊಲಗಳಲ್ಲಿ ಗಂಧಕ, ಸತು, ಬೋರಾನುಗಳು ಕಡಿಮೆಯಿರುವದು ಕಂಡುಬಂದಿತು. ಈ ಸುದ್ದಿಯನ್ನು ಹಳ್ಳಿಗೆ ಮುಟ್ಟಿಸುವಾಗ ಯಂತ್ರವೊಂದನ್ನೇ ನಂಬಲಿಲ್ಲ. ಊರಿನ ಗೋಡೆಗಳ ಮೇಲೆ ಬರೆಯಿಸಿದರು. ‘ರೈತ ಅನುವುಗಾರ’ರೆಂದು ರೈತರನ್ನೇ ಆರಿಸಿ ಮನೆಮನೆಗೆ ಕಳಿಸಿದರು.

ಈ ಸಾಧನಗಳಿಗೆಲ್ಲ ಕಠಿಣವಾದ ಪರೀಕ್ಷೆ 2018ರಲ್ಲಿ ಬಂದಿತು. ಆ ವರ್ಷದ ಮೇ ತಿಂಗಳಲ್ಲಿ ಶಿವಮೊಗ್ಗೆಯ ಗೋವಿನಜೋಳದ ಹೊಲಗಳಲ್ಲಿ ಅಮೇರಿಕಾ ಖಂಡದ ಸೈನಿಕ ಹುಳವು ಭಾರತದಲ್ಲಿಯೇ ಮೊದಲ ಬಾರಿಗೆ ಕಾಣಿಸಿಕೊಂಡಿತು. ಇದರ ಪತಂಗವು ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರು ಹಾರಬಲ್ಲದು; ಮರುವರ್ಷ ಮುಗಿಯುವದರೊಳಗೆ ದೇಶದ ಹಲವು ರಾಜ್ಯಗಳನ್ನು ಇದು ಆವರಿಸಿತು. ಹಳೆಯ ಹುಳವಾಗಿದ್ದರೆ ಮನೆಯ ಹಿರಿಯರು ಗುರುತು ಹೇಳುತ್ತಿದ್ದರು. ಇದನ್ನು ಅಜ್ಜನೂ ಕಂಡಿರಲಿಲ್ಲ, ಮೊಮ್ಮಗನೂ ಕಂಡಿರಲಿಲ್ಲ. ಇಂಥ ಸಮಯದಲ್ಲಿ ಮೊಬೈಲಿನ ಚಿತ್ರದ ಪ್ರಯೋಜನ ಬಹಳ. ಹುಳದ ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನಂಥ ಬಿಳಿ ಗೆರೆ, ಬಾಲದ ಸಮೀಪದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಇವೆರಡೂ ಸ್ಪಷ್ಟವಾಗಿ ಬಂದ ಚಿತ್ರವನ್ನು ಕಂಡರೆ ದೂರದಲ್ಲಿದ್ದ ತಜ್ಞರೂ ಇದೇ ಹುಳವೆಂದು ಗುರುತಿಸಬಲ್ಲರು. ಹೊತ್ತಿನ ಮಹತ್ವವೂ ಇಲ್ಲಿಯೇ ತಿಳಿಯುವದು. ಮರಿಹುಳಗಳು ಎಲೆಯನ್ನು ಕೆರೆದು ಬಿಳಿಯ ಪೊರೆಯಂಥ ಕಲೆಗಳನ್ನು ಉಳಿಸುವವು. ಬೆಳೆದ ಮೇಲೆ ಸುಳಿಯೊಳಗೆ ಇಳಿದು ತಮ್ಮ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಳ್ಳುವವು. ಆಗ ಮೇಲೆ ಸಿಂಪಡಿಸಿದ ಔಷಧವು ಅವುಗಳಿಗೆ ತಟ್ಟುವದು ಕಷ್ಟ. ಸಲಹೆಯು ಹತ್ತು ದಿನ ತಡವಾದರೆ ಔಷಧದ ಹಣವೂ ಹೋಯಿತು, ಬೆಳೆಯೂ ಹೋಯಿತು.

ಹಾಗಾದರೆ ಎಲ್ಲರ ಕೈಗೆ ಮೊಬೈಲು ಬಂದರೆ ಸಾಕೇ? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಪ್ರಯೋಗವು ಉತ್ತರ ಕೊಟ್ಟಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಹುಟ್ಟಿದ ‘ಡಿಜಿಟಲ್ ಗ್ರೀನ್’ ಎಂಬ ಯೋಜನೆಯವರು ಗ್ರೀನ್ ಫೌಂಡೇಶನ್ನಿನೊಡನೆ ಕೂಡಿ, ಕರ್ನಾಟಕದ ಹಳ್ಳಿಗಳಲ್ಲಿ ಅಲ್ಲಿಯ ರೈತರೇ ತಮ್ಮ ಕೆಲಸವನ್ನು ಮಾಡಿ ತೋರಿಸುವ ಚಿಕ್ಕ ಚಲಚ್ಚಿತ್ರಗಳನ್ನು ತೆಗೆದರು. ಅವುಗಳನ್ನು ನೆರೆಯ ಊರುಗಳಲ್ಲಿ ಚಿಕ್ಕ ಗುಂಪುಗಳಿಗೆ ತೋರಿಸುವಾಗ ಸ್ಥಳದವರೊಬ್ಬರು ನಡುನಡುವೆ ಚಿತ್ರವನ್ನು ನಿಲ್ಲಿಸಿ, ಪ್ರಶ್ನೆ ಕೇಳಿ, ನೋಡಿದವರ ಸಂಶಯಗಳನ್ನು ಬರೆದುಕೊಳ್ಳುತ್ತಿದ್ದರು. ಹದಿಮೂರು ತಿಂಗಳ ಪರೀಕ್ಷೆಯ ಕೊನೆಗೆ, ಕೆಲವು ಬೇಸಾಯ ಕ್ರಮಗಳನ್ನು ಅಳವಡಿಸಿಕೊಂಡವರು ಹಳೆಯ ಪದ್ಧತಿಗಿಂತ ಏಳು ಪಾಲು ಹೆಚ್ಚಾಗಿದ್ದರೆಂದು ಅವರು ವರದಿ ಮಾಡಿದರು. ತನ್ನಂಥ ರೈತನು ತನ್ನಂಥ ಹೊಲದಲ್ಲಿ ಮಾಡಿದುದನ್ನು ಕಂಡು, ಎದುರಿಗೆ ಕುಳಿತವರನ್ನು ಕೇಳಿ ತಿಳಿದಾಗ ನಂಬಿಗೆ ಹುಟ್ಟುವದು.

ಚಿಕ್ಕ ಸಂದೇಶದಿಂದ ಲಾಭವೇ ಇಲ್ಲವೆಂದು ಇದರ ಅರ್ಥವಲ್ಲ. 2016ರಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯ 175 ಶೇಂಗಾ ರೈತರಿಗೆ ಇಕ್ರಿಸಾಟ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಬಿತ್ತುವ ದಿನವನ್ನು ತೆಲುಗಿನ ಸಂದೇಶಗಳಿಂದ ತಿಳಿಸಿದವು. ಇಳುವರಿಯು ನೂರಕ್ಕೆ ಸುಮಾರು 30ರಷ್ಟು ಹೆಚ್ಚಿತೆಂದು ಆ ಸಂಸ್ಥೆಗಳು ಹೇಳಿದವು. ಅಲ್ಲಿಯೂ ಸಂದೇಶವು ಆ ಸೀಮೆಯ ಮಳೆ, ಆ ಬೆಳೆಗಳನ್ನೇ ಕುರಿತದ್ದಾಗಿದ್ದಿತು.

ಇನ್ನು ಮನೆಯವರು ಮಾಡಬೇಕಾದ ಕೆಲಸವೊಂದುಂಟು. ಕೂರಿಗೆ ಭತ್ತದ ದೊಡ್ಡ ಶತ್ರು ಕಳೆ. ಅದನ್ನು ಕೀಳುವವರು ಬಹುಮಟ್ಟಿಗೆ ಹೆಂಗಸರು. ಎಲೆಯ ಮೇಲಿನ ಮೊದಲ ಕಲೆಯೂ, ಮೊದಲ ಹುಳವೂ ಅವರ ಕಣ್ಣಿಗೇ ಬೀಳುವದು. ಮೊಬೈಲು ಮಾತ್ರ ಗಂಡಸರ ಕಿಸೆಯಲ್ಲಿ ಪೇಟೆಗೆ ಹೋಗಿರುವದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲು ತಮ್ಮಲ್ಲಿದೆಯೆಂದ ಸ್ತ್ರೀಯರು ದೇಶದಲ್ಲಿ ನೂರಕ್ಕೆ 54 ಮಾತ್ರ. ಆದುದರಿಂದ ಬಂದ ಸಲಹೆಯನ್ನು ರಾತ್ರಿ ಊಟದ ಹೊತ್ತಿಗೆ ಮನೆಮಂದಿಯ ಮುಂದೆ ಓದಿ ಹೇಳುವ ರೂಢಿಯನ್ನಿಡಬೇಕು. ಅತ್ತೆ-ಸೊಸೆಯಂದಿರು ಹೊಲದಲ್ಲಿ ಕಂಡುದನ್ನು ಕೇಳಿಕೊಂಡು, ಶಾಲೆ ಕಲಿತ ಮಕ್ಕಳಿಂದ ಚಿತ್ರ ತೆಗೆಯಿಸಿ ರೈತ ಸಂಪರ್ಕ ಕೇಂದ್ರಕ್ಕೆ ತೋರಿಸಬೇಕು.

ಎಚ್ಚರಿಕೆಯೂ ಬೇಕು. ಮೊಬೈಲಿನಲ್ಲಿ ಬಂದುದೆಲ್ಲ ಸಲಹೆಯಲ್ಲ. ಔಷಧ ಮಾರುವವರ ಜಾಹೀರಾತೂ ಸಲಹೆಯ ವೇಷದಲ್ಲಿ ಬರುವದುಂಟು. ಯಾರು ಕಳಿಸಿದರು, ಯಾವ ಬೆಳೆಗೆ, ಯಾವ ಸೀಮೆಗೆ, ಯಾವ ದಿನ ಬರೆದುದು ಎಂಬ ನಾಲ್ಕು ಮಾತುಗಳನ್ನು ನೋಡದೆ ಏನನ್ನೂ ಸಿಂಪಡಿಸಬಾರದು. ಔಷಧದ ಪ್ರಮಾಣವನ್ನು ಡಬ್ಬಿಯ ಚೀಟಿಯೊಡನೆ ತಾಳೆ ನೋಡಬೇಕು. ಸಂಶಯವಿದ್ದರೆ ಮೊದಲು ನಾಲ್ಕು ಗುಂಟೆಯಲ್ಲಿ ಪ್ರಯೋಗ ಮಾಡಿ, ಫಲವನ್ನು ಕಂಡು ಮುಂದುವರಿಯುವದು ಲೇಸು.

ಸರಕಾರದವರಿಗೂ ವಿದ್ವಾಂಸರಿಗೂ ನಮ್ಮ ಬಿನ್ನಹವಿಷ್ಟೆ: ಸಲಹೆಯನ್ನು ಕಳಿಸುವದರ ಜೊತೆಗೆ ರೈತರ ಮರುಪ್ರಶ್ನೆಯನ್ನು ಕೇಳುವ ಏರ್ಪಾಡನ್ನೂ ಮಾಡಬೇಕು; ಹಳ್ಳಿಗೊಬ್ಬರಾದರೂ ಅನುವುಗಾರರು, ಅವರಲ್ಲಿ ಹೆಂಗಸರೂ ಇರುವಂತೆ ನೋಡಿಕೊಳ್ಳಬೇಕು. ಮುಗದದ ಸಂಶೋಧಕರ ಮಾತು ಅಳ್ನಾವರದ ಗದ್ದೆಯಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಅದೇ ದಿನ ಮುಟ್ಟಿ, ಅವಳು ಕಂಡ ಹುಳದ ಸುದ್ದಿ ಮರುದಿನ ಅವರಿಗೆ ತಲಪುವಂತಾದರೆ, ಎರಡೂವರೆ ಎಕರೆಯ ಬೇಸಾಯವೂ ಒಂದು ಕುಟುಂಬವನ್ನು ಮರ್ಯಾದೆಯಿಂದ ಸಲಹುವದೆಂದು ನಾವು ನಂಬಿದ್ದೇವೆ.