ಒಂದು ಲೆಕ್ಕ, ಲಕ್ಷ ಗಣಕಗಳು

ನಮ್ಮ ಮನೆಯ ದೀಪಕ್ಕೆ ವಿದ್ಯುತ್ತು ಶರಾವತಿಯಿಂದ ಬಂತೋ, ರಾಯಚೂರಿನಿಂದ ಬಂತೋ ಎಂದು ನಾವು ಕೇಳುವುದಿಲ್ಲ. ಸ್ವಿಚ್ ಒತ್ತಿದರೆ ಬೆಳಕು ಬರುತ್ತದೆ, ಅಷ್ಟೆ. ಲೆಕ್ಕ ಮಾಡುವ ಶಕ್ತಿಯೂ ಹೀಗೆಯೇ ತಂತಿಯಲ್ಲಿ ಹರಿದು ಬರುವಂತಿದ್ದರೆ? ವಿದ್ಯುತ್ ಜಾಲದ ಈ ಹೋಲಿಕೆಯಿಂದಲೇ 1990ರ ದಶಕದಲ್ಲಿ 'ಗ್ರಿಡ್ ಕಂಪ್ಯೂಟಿಂಗ್' ಎಂಬ ಹೆಸರು ಬಂತು.

ಇದರ ಗುಟ್ಟು ದೊಡ್ಡ ಯಂತ್ರದಲ್ಲಿಲ್ಲ. ಕೆಲಸವನ್ನು ತುಂಡು ಮಾಡುವ ಜಾಣತನದಲ್ಲಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು 1999ರ ಮೇ ತಿಂಗಳಲ್ಲಿ ಆರಂಭಿಸಿದ 'ಸೆಟಿ ಅಟ್ ಹೋಮ್' ಯೋಜನೆಯನ್ನೇ ನೋಡಿ. ಪೋರ್ಟೊರಿಕೊದ ಅರೆಸಿಬೊದಲ್ಲಿದ್ದ 305 ಮೀಟರ್ ಅಗಲದ ರೇಡಿಯೊ ದೂರದರ್ಶಕವು ಆಕಾಶದಿಂದ ಬರುವ ಅಲೆಗಳನ್ನು ದಾಖಲಿಸುತ್ತಿತ್ತು. ಅದರಲ್ಲಿ ಬೇರೆ ಲೋಕದ ಬುದ್ಧಿಯುಳ್ಳ ಜೀವಿಗಳ ಸಂಕೇತವೇನಾದರೂ ಇದೆಯೇ ಎಂದು ಹುಡುಕಬೇಕಿತ್ತು. ಅರೆಸಿಬೊಗೆ ಆಗ ವೇಗದ ಅಂತರ್ಜಾಲವಿರಲಿಲ್ಲ. ಹೀಗಾಗಿ ಮಾಹಿತಿಯನ್ನು ಟೇಪುಗಳಲ್ಲಿ ತುಂಬಿ ಅಂಚೆಯಲ್ಲಿ ಬರ್ಕ್ಲಿಗೆ ಕಳಿಸುತ್ತಿದ್ದರು! ಅಲ್ಲಿ ಅದನ್ನು ಆವರ್ತಾಂಕಕ್ಕೆ ತಕ್ಕಂತೆ 256 ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನೂ 107 ಸೆಕೆಂಡುಗಳ ತುಂಡುಗಳಾಗಿ ಕತ್ತರಿಸುತ್ತಿದ್ದರು. ಒಂದು ತುಂಡಿನ ಗಾತ್ರ ಸುಮಾರು 350 ಕಿಲೋಬೈಟ್.

ಈ ತುಂಡುಗಳು ಮನೆಮನೆಯ ಕಂಪ್ಯೂಟರುಗಳಿಗೆ ಹೋಗುತ್ತಿದ್ದವು. ಯಜಮಾನ ಕಾಫಿಗೆ ಎದ್ದಾಗ ಯಂತ್ರ ಸುಮ್ಮನಿರದೆ ಲೆಕ್ಕ ಮುಗಿಸಿ, ಉತ್ತರ ಕಳಿಸಿ, ಮತ್ತೊಂದು ತುಂಡು ಕೇಳುತ್ತಿತ್ತು. 50 ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಸೇರಿದ್ದರು.

ಆದರೆ ಅಪರಿಚಿತರ ಉತ್ತರವನ್ನು ನಂಬುವುದು ಹೇಗೆ? ಯಂತ್ರ ತಪ್ಪಬಹುದು. ಹೆಚ್ಚು ಅಂಕದ ಆಸೆಗೆ ಪ್ರೋಗ್ರಾಮನ್ನೇ ತಿದ್ದಿದವರೂ ಇದ್ದರು (ನಕಲು ಹೊಡೆಯುವವರು ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಇರುತ್ತಾರೆಯೇ?). ಅದಕ್ಕೇ ಒಂದೇ ತುಂಡನ್ನು ಬೇರೆ ಬೇರೆ ಕಂಪ್ಯೂಟರುಗಳಿಗೆ ಕೊಟ್ಟು ಉತ್ತರಗಳನ್ನು ತಾಳೆ ನೋಡುತ್ತಿದ್ದರು.

ಎಲ್ಲ ಲೆಕ್ಕವನ್ನೂ ಹೀಗೆ ಹಂಚಲಾಗದು. ಅರೆಸಿಬೊದ ಒಂದು ತುಂಡಿನ ಉತ್ತರಕ್ಕೆ ಪಕ್ಕದ ತುಂಡು ಬೇಕಿಲ್ಲ. ಆದರೆ ಹವಾಮಾನದ ಲೆಕ್ಕದಲ್ಲಿ ಒಂದು ಊರಿನ ಗಾಳಿ ಪಕ್ಕದ ಊರಿನ ಗಾಳಿಯನ್ನು ಕ್ಷಣಕ್ಷಣಕ್ಕೂ ಅವಲಂಬಿಸಿದೆ. ಪ್ರತಿ ಹೆಜ್ಜೆಗೂ ದೂರದ ಕಂಪ್ಯೂಟರನ್ನು ವಿಚಾರಿಸುತ್ತ ಕೂತರೆ, ನಾಳೆಯ ಮಳೆಯ ಮುನ್ಸೂಚನೆ ನಾಡಿದ್ದು ಸಿಕ್ಕೀತು! ಅದಕ್ಕೆ ಸೂಪರ್ ಕಂಪ್ಯೂಟರೇ ಸರಿ.

ಕಟ್ಟುನಿಟ್ಟಾಗಿ ಹೇಳಿದರೆ ಸೆಟಿಯದು ಸ್ವಯಂಸೇವೆ. ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ತಮ್ಮ ಗಣಕಗಳನ್ನು ಜೋಡಿಸಿದ್ದು ನಿಜವಾದ ಗ್ರಿಡ್. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪ್ರೋಟಾನುಗಳ ಡಿಕ್ಕಿಯಿಂದ ಬರುವ ಮಾಹಿತಿ ರಾಶಿಯನ್ನು 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಹಂಚಿಕೊಂಡಿವೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೂ ಇದರಲ್ಲಿದೆ. ವಿಜ್ಞಾನಿ ತನ್ನ ವಿದ್ಯುನ್ಮಾನ ಗುರುತುಪತ್ರ ತೋರಿಸಿ ಕೆಲಸ ಒಪ್ಪಿಸುತ್ತಾನೆ. 'ಮಿಡ್ಲ್‌ವೇರ್' ಎಂಬ ತಂತ್ರಾಂಶ, ಬಿಡುವಾಗಿರುವ ಕೇಂದ್ರವನ್ನು ಹುಡುಕಿ ಅಲ್ಲಿಗೆ ರವಾನಿಸುತ್ತದೆ. ಮಾಹಿತಿಯ ಮೂಟೆ ಭಾರ, ಪ್ರೋಗ್ರಾಮು ಹಗುರ. ಆದ್ದರಿಂದ ಆದಷ್ಟೂ ಮಾಹಿತಿ ಇರುವಲ್ಲಿಗೇ ಪ್ರೋಗ್ರಾಮು ಹೋಗುತ್ತದೆ. 2012ರಲ್ಲಿ ಘೋಷಿಸಿದ ಹಿಗ್ಸ್ ಕಣದ ಶೋಧಕ್ಕೆ ಈ ಗ್ರಿಡ್ಡೇ ಲೆಕ್ಕಿಗ.

ಸೆಟಿ ಅಟ್ ಹೋಮ್ 2020ರ ಮಾರ್ಚ್ 31ರಿಂದ ಹೊಸ ತುಂಡುಗಳನ್ನು ಹಂಚುವುದನ್ನು ನಿಲ್ಲಿಸಿತು. ಅನ್ಯಲೋಕದವರ ಸುಳಿವು ಸಿಗಲಿಲ್ಲ. ಆದರೆ ಇದೇ ಬಗೆಯ 'ಐನ್‌ಸ್ಟೈನ್ ಅಟ್ ಹೋಮ್' ಯೋಜನೆಯಲ್ಲಿ ಮನೆಯ ಕಂಪ್ಯೂಟರುಗಳು ಪಲ್ಸಾರ್ ಎಂಬ ನಕ್ಷತ್ರಗಳನ್ನು ಪತ್ತೆಮಾಡಿವೆ. ಮಕ್ಕಳು ಸೇರಲು ಬಯಸಿದರೆ ತಂದೆತಾಯಿಯರಿಗೆ ಒಂದು ಮಾತು: ಬಿಡುವಿನ ಯಂತ್ರ ಬಿಟ್ಟಿ ಯಂತ್ರವಲ್ಲ. ಲೆಕ್ಕ ಮಾಡುವಾಗ ಅದು ಬಿಸಿಯೇರಿ, ಹೆಚ್ಚು ವಿದ್ಯುತ್ ಕುಡಿಯುತ್ತದೆ. ತಿಂಗಳ ಬಿಲ್ಲನ್ನೂ ಒಮ್ಮೆ ನೋಡಿಕೊಳ್ಳಿ.