ರಣಹದ್ದಿನ ಬೆನ್ನ ಮೇಲಿನ ಯಂತ್ರ

ಕೀಲುನೋವಿಗೆ ವೈದ್ಯರು ಬರೆದುಕೊಡುವ ಡೈಕ್ಲೋಫೆನಾಕ್ ಎಂಬ ಔಷಧಿಯ ಹೆಸರನ್ನು ಕೇಳದ ಕುಟುಂಬ ವಿರಳ. ಮನುಷ್ಯನಿಗೆ ಉಪಶಮನ ನೀಡುವ ಇದನ್ನೇ ದನಕರುಗಳಿಗೂ ಕೊಡತೊಡಗಿದ ಮೇಲೆ, ಅವುಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು, ಒಳಗಿನ ಅಂಗಗಳ ಮೇಲೆಲ್ಲ ಯೂರಿಕ್ ಆಮ್ಲ ಹರಳುಗಟ್ಟಿ, ಕೆಲವೇ ದಿನಗಳಲ್ಲಿ ಅವು ಸತ್ತವು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಕಣ್ಮರೆಯಾದವು. ನಷ್ಟ ಹಕ್ಕಿಗಳದ್ದಷ್ಟೇ ಅಲ್ಲ. ಕಳೇಬರಗಳು ಕೊಳೆತು ನೀರು ಕೆಟ್ಟು, ಬೀದಿನಾಯಿಗಳು ಹೆಚ್ಚಿದ್ದರಿಂದ 2000ದಿಂದ 2005ರ ಅವಧಿಯಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಮರಣ ಹೊಂದಿದರೆಂದು ಅರ್ಥಶಾಸ್ತ್ರಜ್ಞರಿಬ್ಬರು 2024ರಲ್ಲಿ ಅಂದಾಜು ಮಾಡಿದ್ದಾರೆ.

ಈ ಔಷಧಿಯೇ ಕಾರಣವೆಂಬುದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಅಷ್ಟರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಉಳಿದ ಹಕ್ಕಿಗಳನ್ನು ಸಾಕಿ ಸಂತಾನವೃದ್ಧಿ ಮಾಡಿಸುವ ಕಾರ್ಯ ಆರಂಭವಾಗಿತ್ತು. ಆದರೆ ಸಾಕಿದ ಹಕ್ಕಿಯನ್ನು ಬಿಡುವುದಾದರೂ ಎಲ್ಲಿಗೆ? ಹೊರಗಿನ ಆಹಾರ ನಿರ್ವಿಷವಾಗಿದೆಯೆಂದು ಹೇಳುವವರಾರು?

ಆ ಉತ್ತರಕ್ಕಾಗಿಯೇ 2020ರ ಅಕ್ಟೋಬರಿನಲ್ಲಿ ಪಿಂಜೋರಿನಿಂದ 8 ರಣಹದ್ದುಗಳನ್ನು ಬೆನ್ನಿಗೆ ಉಪಗ್ರಹ ಪ್ರೇಷಕ ಕಟ್ಟಿ ಹಾರಿಬಿಡಲಾಯಿತು. ಶಾಲಾ ಬಾಲಕನ ಚೀಲದಂತೆ ಪಟ್ಟಿಗಳಿಂದ ಬಿಗಿದ ಈ ಪುಟ್ಟ ಯಂತ್ರ ಬಿಸಿಲಿನಿಂದಲೇ ಶಕ್ತಿ ಪಡೆಯುತ್ತದೆ. ಹಕ್ಕಿ ಎಲ್ಲಿ ಹಾರಿತೆಂದು ತಿಳಿಯುವುದು ಅದರ ಉಪಯೋಗದಲ್ಲಿ ಅರ್ಧ ಮಾತ್ರ. ಸಂಕೇತ ಒಂದೇ ಸ್ಥಳದಿಂದ ಬರುತ್ತಿದ್ದರೆ ಸಿಬ್ಬಂದಿ ಅಲ್ಲಿಗೆ ಧಾವಿಸಬೇಕು. ಹಕ್ಕಿ ಬಳಲಿದ್ದರೆ ಚಿಕಿತ್ಸೆ; ಸತ್ತಿದ್ದರೆ, ದೇಹ ಕೊಳೆಯುವ ಮೊದಲೇ ಮೂತ್ರಪಿಂಡವನ್ನೂ ಯಕೃತ್ತನ್ನೂ ಪ್ರಯೋಗಾಲಯಕ್ಕೆ ತಲಪಿಸಬೇಕು. ವಿಷವೋ, ವಿದ್ಯುತ್ ತಂತಿಯೋ, ಹಸಿವೋ ಎಂಬುದು ನಿರ್ಧಾರವಾಗುವುದು ಅಲ್ಲಿಯೇ. ಕಾಡಿನಲ್ಲಿ ಗುರುತಿಲ್ಲದೆ ಸತ್ತ ಹಕ್ಕಿ ಏನನ್ನೂ ಹೇಳಲಾರದು.

ಚಿಕಿತ್ಸೆ ಪಡೆದ ಹಕ್ಕಿಗಳಿಗೂ ಇದೇ ಕ್ರಮ. 2025ರಲ್ಲಿ ಮಧ್ಯಪ್ರದೇಶದ ಸತ್ನಾ ಜಿಲ್ಲೆಯಲ್ಲಿ ಗಾಯಗೊಂಡು ಸಿಕ್ಕಿದ ಗ್ರಿಫನ್ ರಣಹದ್ದೊಂದು (ಈ ಜಾತಿ ಅಷ್ಟು ಅಪಾಯದಲ್ಲಿಲ್ಲ) ಭೋಪಾಲದ ವನವಿಹಾರದಲ್ಲಿ ಚೇತರಿಸಿಕೊಂಡು, ಮಾರ್ಚಿನಲ್ಲಿ ಬಿಡುಗಡೆಯಾಗಿ, ಪಾಕಿಸ್ತಾನ, ಅಫ್ಘಾನಿಸ್ತಾನಗಳನ್ನು ದಾಟಿ ಕಝಾಕಿಸ್ತಾನ ಸೇರಿತು!

ಬಿಡುಗಡೆಯ ತಾಣದ ಸುತ್ತ 100 ಕಿಲೋಮೀಟರ್ ವ್ಯಾಪ್ತಿಯನ್ನು ವಿಷಮುಕ್ತಗೊಳಿಸುವುದು ತಜ್ಞರ ಯೋಜನೆ. ವಿಜಯವಾಡವನ್ನು ಕೇಂದ್ರವಾಗಿಟ್ಟು ಅಂಥ ವೃತ್ತ ಎಳೆದರೆ ಅದು ರಾಜಮಹೇಂದ್ರವರವನ್ನೂ ಮುಟ್ಟದು, ವಿಶಾಖಪಟ್ಟಣವಂತೂ ದೂರದ ಮಾತು. ಆದುದರಿಂದ ಔಷಧಿಯ ಅಂಗಡಿಯಲ್ಲಿಯೇ ತಡೆಯಬೇಕಾಯಿತು. ಮನುಷ್ಯರ ಡೈಕ್ಲೋಫೆನಾಕ್ ಚುಚ್ಚುಮದ್ದು ದನಗಳ ಪಾಲಾಗುತ್ತಿದ್ದುದರಿಂದ 2015ರಲ್ಲಿ ಅದರ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ಪಶುಗಳಿಗೆ ನಿಷಿದ್ಧವಾದವು. ರಣಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ದನಗಳ ನೋವಿಗೆ ದೊರೆಯುತ್ತದೆ.